ಸ್ವರ ಮುಂದಕ್ಕೆ ಬರುವ ಟಿ.ವಿ.

ನಮ್ಮ ಓಣಿಯಲ್ಲಿ ಈಗ ಯಾರಾದರೂ ಟಿ.ವಿ. ಕೊಳ್ಳುವುದಿದ್ದರೆ ಯಾರನ್ನು ಕೇಳುವುದೆಂದು ಗೊತ್ತಾಗುವುದಿಲ್ಲ. ಮೊನ್ನೆ ಮೂಲೆಮನೆಯ ಹಾಜಿಯವರು ನಮ್ಮ ಗೇಟಿನ ಹತ್ತಿರ ನಿಂತು, "ಮಗಳ ಮನೆಗೆ ಒಂದು ತೆಗೆಯಬೇಕು ಟೀಚರ್. ನಲವತ್ತಮೂರು ಸಾಕಾ, ಐವತ್ತು ಬೇಕಾ?" ಎಂದು ಕೇಳಿದರು. ಕೇಳಿದ ಮೇಲೆ ಇಬ್ಬರೂ ಒಟ್ಟಿಗೆ ಎದುರುಮನೆಯ ಜಗಲಿಯತ್ತ ನೋಡಿದೆವು. ಅಲ್ಲಿ ಗೋಡೆಯ ಮೊಳೆಗಳಲ್ಲಿ ಓಣಿಯ ಮನೆಗಳ ಬೀಗದಕೈಗಳು ಇನ್ನೂ ನೇತಾಡುತ್ತಿವೆ. ಯಾರೂ ಬಂದು ತೆಗೆದುಕೊಂಡು ಹೋಗಿಲ್ಲ.

ಆ ಮನೆಯ ಮಾಸ್ಟ್ರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ತೆಳ್ಳಗಿನ, ಎತ್ತರದ ಆಳು. ಮಾತನಾಡುವಾಗ ಕೈಬೆರಳಿನಿಂದ ಗಾಳಿಯಲ್ಲಿ ಕರಿಹಲಗೆ ಒರೆಸುವ ಹಾಗೆ ಮಾಡುತ್ತಿದ್ದರು. ತುಳುವಿನಲ್ಲಿ ಮಾತು ಶುರುಮಾಡಿದರೂ ಸ್ವಲ್ಪ ಗಂಭೀರ ವಿಷಯ ಬಂತೆಂದರೆ ಕನ್ನಡಕ್ಕೆ ಬರುತ್ತಿದ್ದರು. ಮೆಲ್ಕಾರಿನಿಂದ ನದಿಯ ಕಡೆಗೆ ಇಳಿಯುವ ಈ ಓಣಿಗೆ ನಾನು ಬಾಡಿಗೆಗೆ ಬಂದ ದಿನವೇ, ಸಾಮಾನು ಇಳಿಸುವ ಗಡಿಬಿಡಿಯ ನಡುವೆ ಅವರು ಬಂದು ಕೇಳಿದ ಮೊದಲ ಪ್ರಶ್ನೆ ನನ್ನ ಊರು ಯಾವುದು, ಕೆಲಸ ಎಲ್ಲಿ ಎಂದಲ್ಲ. "ನಿಮ್ಮ ಟಿ.ವಿ. ಎಷ್ಟು ಇಂಚಿನದ್ದು ಟೀಚರ್?"

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವಳು. ಇದೆಂತ ವಿಚಿತ್ರ ಮನುಷ್ಯ ಎಂದುಕೊಂಡೆ. ಆ ಪ್ರಶ್ನೆಯ ಹಿಂದೆ ಏನಿದೆ ಎಂದು ತಿಳಿಯಲು ಮೊದಲ ಗುಡುಗು ಬರಬೇಕಾಯಿತು.

ನಮ್ಮ ಕಡೆಯ ಗುಡುಗು ಮಿಂಚು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚಿನ ಮಧ್ಯಾಹ್ನಗಳಲ್ಲಿ ಬಿಸಿಲು ಇದ್ದ ಹಾಗೆಯೇ ಗುಡ್ಡದ ಆಚೆ ಒಂದು ಸದ್ದು ಕೇಳುತ್ತದೆ. ಅದು ಕೇಳಿದ್ದೇ ಮನೆಮನೆಯಲ್ಲಿ ಎಲ್ಲರೂ ಮೊದಲು ಓಡುವುದು ಟಿ.ವಿ.ಯ ಕಡೆಗೆ. ಪ್ಲಗ್ ತೆಗೆದು, ಮಾಡಿನ ಮೇಲಿನ ಡಿಶ್ ಛತ್ರಿಯಿಂದ ಬರುವ ವಯರನ್ನೂ ಬಿಡಿಸಿ, ಅದನ್ನು ಹಾವಿನ ಹಾಗೆ ದೂರ ಎಸೆದ ಮೇಲೆಯೇ ಒಣಗಲು ಹಾಕಿದ ಬಟ್ಟೆಯ ನೆನಪಾಗುವುದು. ನಮ್ಮ ಓಣಿಯಲ್ಲಿ ಈ ಕೆಲಸಕ್ಕೆ ಒಂದು ಸೈರನ್ ಇತ್ತು. ಮಾಸ್ಟ್ರ ಹೆಂಡತಿ. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅಡುಗೆಮನೆಯಲ್ಲಿ ಏನೇ ಮಾಡುತ್ತಿರಲಿ, ಅವರ ಕಿವಿಗೆ ಗುಡುಗು ಎಲ್ಲರಿಗಿಂತ ಮೊದಲು ಬೀಳುತ್ತಿತ್ತು. ಅಲ್ಲಿಂದಲೇ ಗಂಡನಿಗೆ ಕೂಗುತ್ತಿದ್ದರು:

"ಪ್ಲಗ್ ದೆಪ್ಪುಲೆ."

ಪ್ಲಗ್ ತೆಗೀರಿ ಅಂತ. ಆ ಕೂಗು ಮಾಸ್ಟ್ರಿಗೆ ಮಾತ್ರ. ಆದರೆ ಕಂಪೌಂಡು ಗೋಡೆ ದಾಟಿ ಬಂದು ಓಣಿಯಿಡೀ ಪ್ಲಗ್ ತೆಗೆಸುತ್ತಿತ್ತು. "ನಿಮ್ಮವರ ಸ್ವರ ಇರುವವರೆಗೆ ನಮಗೆ ಹವಾಮಾನ ಇಲಾಖೆ ಬೇಡ ಮಾಸ್ಟ್ರೆ" ಎಂದು ಹಾಜಿಯವರು ತಮಾಷೆ ಮಾಡುತ್ತಿದ್ದರು.

ಆ ಸ್ವರ ಒಂದು ಬೆಳಿಗ್ಗೆ ಹೋಯಿತು. ಅಕ್ಕನಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿತ್ತು, ಮಾತು ನಿಂತಿತು. ಆಸ್ಪತ್ರೆಯಿಂದ ಬಂದವರನ್ನು ಮಾಸ್ಟ್ರು ಚಾವಡಿಯಲ್ಲಿ, ಟಿ.ವಿ.ಗೆ ಎದುರಾಗಿ ಮಂಚ ಹಾಕಿ ಮಲಗಿಸಿದರು. ಆ ವರ್ಷದ ಮೊದಲ ಗುಡುಗಿಗೆ ಓಣಿಯಲ್ಲಿ ಯಾವ ಕೂಗೂ ಕೇಳಲಿಲ್ಲ. ಮರುದಿನ ಮಾಸ್ಟ್ರು ಕೆಲಸಕ್ಕೆ ಹೋಗುವವರ ಮನೆಗೆಲ್ಲ ಬಂದು, "ಒಂದು ಬೀಗದಕೈ ನಮ್ಮಲ್ಲಿ ಇಟ್ಟುಹೋಗಿ. ಗುಡುಗು ಬಂದರೆ ನಾನು ತೆಗೀತೇನೆ" ಎಂದರು. ಅಕ್ಕ ಸ್ವರದಲ್ಲಿ ಮಾಡುತ್ತಿದ್ದ ಕೆಲಸವನ್ನು ಅವರು ಕಾಲಿನಲ್ಲಿ ಮಾಡಲು ಹೊರಟಿದ್ದರು.

ಅದಕ್ಕೆ ಅವರದೇ ನಿಯಮಗಳಿದ್ದವು. ರಬ್ಬರ್ ಚಪ್ಪಲಿ ಹಾಕಿಕೊಂಡೇ ಒಳಗೆ ಬರುತ್ತಿದ್ದರು. ಫರಂಗಿಪೇಟೆಯಲ್ಲಿ ಚಪ್ಪಲಿ ಅಂಗಡಿ ಇರುವ ಹಾಜಿಯವರು ಅದಕ್ಕೆಂದೇ ದಪ್ಪ ತಳದ ಒಂದು ಜೊತೆ ಕೊಟ್ಟಿದ್ದರು. ನಮ್ಮ ಮನೆಗೆ ಚಪ್ಪಲಿಯಲ್ಲಿ ಬರುವಾಗೆಲ್ಲ ದೇವರ ಫೋಟೋದ ಕಡೆಗೆ ನೋಡಿ ಸಣ್ಣಗೆ ಕೈ ಮುಗಿಯುತ್ತಿದ್ದರು. ಕೈ ಒಣಗಿರಬೇಕು. ಮೊದಲು ಪ್ಲಗ್, ಆಮೇಲೆ ವಯರ್. ಗುಡುಗು ದೂರದಲ್ಲಿರುವಾಗಲೇ ತೆಗೆಯಬೇಕು. "ತಲೆ ಮೇಲೆ ಬಂದ ಮೇಲೆ ಮುಟ್ಲಿಕ್ಕಿಲ್ಲ ಟೀಚರ್. ಸುಟ್ಟರೆ ಸುಡಲಿ. ಟಿ.ವಿ. ಅಂಗಡಿಯಲ್ಲಿ ಸಿಗ್ತದೆ."

ಈ ಮಾತನ್ನು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ. ಇದನ್ನು ಬರೆಯುತ್ತಿರುವಾಗಲೂ ನನ್ನ ಕೈ ಅಲ್ಲಿಯೇ ನಿಲ್ಲುತ್ತಿದೆ.

ಗುಡುಗು ನಿಂತ ಮೇಲೆ ಮತ್ತೊಂದು ಸುತ್ತು ಬಂದು ಎಲ್ಲ ಪ್ಲಗ್ ಹಾಕಿ, ಸರಿಯಾಗಿದೆಯೇ ಎಂದು ಪ್ರತಿ ಟಿ.ವಿ.ಯನ್ನೂ ಒಮ್ಮೆ ಚಾಲು ಮಾಡಿ ನೋಡುತ್ತಿದ್ದರು. ಹಾಗಾಗಿ ಓಣಿಯ ಎಲ್ಲ ಟಿ.ವಿ.ಗಳನ್ನೂ ನೋಡಿದ ಒಬ್ಬನೇ ಮನುಷ್ಯ ಅವರಾದರು. ಮೂವತ್ತೆರಡು, ನಲವತ್ತು, ನಲವತ್ತಮೂರು, ಒಂದೊಂದರ ಸ್ವಭಾವವೂ ಗೊತ್ತಿತ್ತು. ಶಾಲೆಯ ಮಕ್ಕಳ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು. ನನ್ನದರ ಬಗ್ಗೆ: "ನಿಮ್ಮದು ಎದುರಿಗೆ ಕೂತವರಿಗೆ ಮಾತ್ರ ಟೀಚರ್. ಅಡುಗೆಮನೆ ಬಾಗಿಲಿನಿಂದ ನೋಡಿದರೆ ಎಲ್ಲರಿಗೂ ಜ್ವರ ಬಂದ ಹಾಗೆ ಕಾಣ್ತದೆ." ಹಾಜಿಯವರ ಮಿರಿಮಿರಿ ಮಿಂಚುವ ಪರದೆಯ ಬಗ್ಗೆ: "ನಿಮ್ಮ ಟಿ.ವಿ.ಯಲ್ಲಿ ಸುದ್ದಿಗಿಂತ ನಿಮ್ಮ ಗೇಟೇ ಚೆಂದ ಕಾಣ್ತದೆ ಮಾರಾಯ್ರೆ."

"ಒಳ್ಳೆಯದಾಯ್ತಲ್ಲ ಮಾಸ್ಟ್ರೆ" ಎಂದಿದ್ದರು ಹಾಜಿಯವರು, "ಯಾರು ಬಂದರು ಅಂತ ಎದ್ದು ನೋಡುವ ಕೆಲಸ ಇಲ್ಲ."

ಯಾರಾದರೂ ಹೊಸದು ತೆಗೆಯುವುದಿದ್ದರೆ ಮಾಸ್ಟ್ರು ಮೊದಲು ಹಳೆಯ ಪತ್ರಿಕೆ ತರುತ್ತಿದ್ದರು. ಹಾಳೆಗಳನ್ನು ಜೋಡಿಸಿ, ಪರದೆಯ ಅಳತೆಗೆ ಕತ್ತರಿಸಿ, ಗೋಡೆಗೆ ಅಂಟಿಸುವುದು. ಎರಡು ದಿನ ಮನೆಯವರೆಲ್ಲ ಆ ಕಾಗದದ ಟಿ.ವಿ.ಯ ಎದುರು ಕೂರಬೇಕು. ಅವರೂ ಬಂದು ಒಂದೊಂದು ಕುರ್ಚಿಯಲ್ಲಿ ಕೂತು ಕುತ್ತಿಗೆ ನೋವು ಬರುತ್ತದೆಯೇ ಎಂದು ನೋಡುತ್ತಿದ್ದರು. "ಮೂಗಿಗೆ ತಾಗ್ತದೆ. ಒಂದು ಹಾಳೆ ಕಡಿಮೆ ಮಾಡುವ" ಎಂದರೆ ಐವತ್ತೈದರ ಆಸೆ ನಲವತ್ತಮೂರಕ್ಕೆ ಇಳಿಯಿತೆಂದೇ ಲೆಕ್ಕ.

ಅವರ ಸ್ವಂತದ್ದು ಮೂವತ್ತೆರಡು ಇಂಚಿನ ಹಳೆಯ ಎಲ್‌ಇಡಿ. ಪರದೆಯ ಸುತ್ತ ಎರಡು ಬೆರಳು ದಪ್ಪದ ಚೌಕಟ್ಟು, ಕೆಳಗೆ ಜಾಲರಿಯ ಹಿಂದೆ ಸ್ಪೀಕರು. ಅದನ್ನು ಬದಲಿಸಲು ಅವರು ಒಪ್ಪುತ್ತಿರಲಿಲ್ಲ. ಕಾರಣ ಅಕ್ಕ. ಮಾತು ಹೋದ ಅಕ್ಕ ಆ ಟಿ.ವಿ.ಯ ಸುದ್ದಿಯವರಿಗೆ ಮಾತ್ರ ಉತ್ತರ ಕೊಡುತ್ತಿದ್ದರು. ವಾರ್ತೆ ಓದುವ ಹುಡುಗಿ ಮೊದಲಿಗೆ "ನಮಸ್ಕಾರ" ಎಂದರೆ, ಮಂಚದಿಂದ ಅಕ್ಕನೂ "ನಮಸ್ಕಾರ" ಎನ್ನುತ್ತಿದ್ದರು. ಸ್ಪಷ್ಟವಾಗಿ. ಬೇರೆ ಯಾರು ನಮಸ್ಕಾರ ಹೇಳಿದರೂ ಇಲ್ಲ, ಮಾಸ್ಟ್ರು ಹೇಳಿದರೂ ಇಲ್ಲ. ಒಮ್ಮೆ ಅದು ಹೇಳಿಯಾಯಿತೆಂದರೆ ಬಾಯಿ ತೆರೆದು ಊಟ ಮಾಡುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ಊಟದ ಹೊತ್ತು ಎಂದರೆ ವಾರ್ತೆಯ ಹೊತ್ತು.

ಈ ವರ್ಷದ ಮೊದಲ ಗುಡುಗು ಹೇಳದೆ ಕೇಳದೆ ಬಂತು. ಮಾಸ್ಟ್ರು ಓಣಿಯ ಆ ತುದಿಯ ಮನೆಯಿಂದ ಶುರುಮಾಡಿದ್ದರು. ಯಾವಾಗಲೂ ಹಾಗೆಯೇ, ತಮ್ಮದನ್ನು ಕೊನೆಗೆ ತೆಗೆಯುವುದು. ಆಗ ಅಕ್ಕನ ಊಟದ ನಡುವೆ ಸಣ್ಣ ಬಿಡುವು, ಟಿ.ವಿ. ಚಾಲೂ ಇತ್ತು. ಅವರು ನಮ್ಮ ಮನೆಯಿಂದ ಹೊರಬೀಳುವ ಹೊತ್ತಿಗೆ ಸಿಡಿಲು ಬಡಿಯಿತು. ಓಣಿಯಲ್ಲಿ ಯಾರದ್ದೂ ಹೋಗಲಿಲ್ಲ. ಅವರದ್ದು ಮಾತ್ರ ಸುಟ್ಟಿತು.

ಮೆಕ್ಯಾನಿಕ್ ಹಿಂಬದಿ ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ. ಮಾಸ್ಟ್ರು ಅವನನ್ನು ಗೇಟಿನವರೆಗೆ ಬಿಟ್ಟು ಬಂದು ಜಗಲಿಯಲ್ಲಿ ಕೂತರು. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ. ಮರುದಿನವೂ ಇಲ್ಲ. ಹಾಲು, ಗಂಜಿನೀರು, ಹಲ್ಲಿನ ಸಂದಿಯಿಂದ ಎಷ್ಟು ಇಳಿದರೆ ಅಷ್ಟು.

ಆಮೇಲಿನ ದಿನಗಳಲ್ಲಿ ನಾನು ಕಂಡ ಮಾಸ್ಟ್ರು ಬೇರೆಯೇ ಮನುಷ್ಯ. ಹಾಜಿಯವರು ತಮ್ಮ ನಲವತ್ತಮೂರನ್ನೇ ಗೋಡೆಯಿಂದ ಇಳಿಸಿ ಹೊತ್ತು ತಂದರು. ಅಕ್ಕ ಮುಖ ತಿರುಗಿಸಿದರು. ಮುಖಗಳು ದೊಡ್ಡದಾಗಿ ಹೆದರುತ್ತಾರೋ ಎಂದು ನನ್ನ ಮನೆಯ ಮೂವತ್ತೆರಡು ತಂದಿಟ್ಟೆವು. ಹುಡುಗಿ ನಮಸ್ಕಾರ ಎಂದಳು. ಅಕ್ಕ ಕಿಟಕಿಯ ಕಡೆ ನೋಡಿದರು. ಮಾಸ್ಟ್ರು ಬೆಳಕು ಕಡಿಮೆ ಮಾಡಿದರು, ಬಣ್ಣ ಕಡಿಮೆ ಮಾಡಿದರು, ಹಳೆಯದರ ಹಾಗೆ ಕಾಣಲೆಂದು ಸುತ್ತ ಕಪ್ಪು ಕಾಗದ ಅಂಟಿಸಿದರು. ಚಮಚ ಹಿಡಿದುಕೊಂಡು, "ಒಂದು ನಮಸ್ಕಾರ ಹೇಳು ಮಾರಾಯ್ತಿ. ಅವಳು ಹೇಳಿದಳಲ್ಲ" ಎಂದು ಬೇಡುವುದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದ್ದೇನೆ.

ಡಾಕ್ಟರು ಬಂದು ನೋಡಿ, ಹೀಗೇ ಆದರೆ ಮೂಗಿಗೆ ನಳಿಗೆ ಹಾಕಲೇಬೇಕು, ಈ ಶರೀರ ಅದನ್ನೂ ಎಷ್ಟು ದಿನ ತಡೆದೀತು ಹೇಳಲಾಗದು ಎಂದರು. ಮಾಸ್ಟ್ರು ಅವರ ಕೈ ಹಿಡಿದುಕೊಂಡು, "ಸ್ವಲ್ಪ ದಿನ ಕೊಡಿ. ನಾನು ಸರಿಯಾದ ಟಿ.ವಿ. ಹುಡುಕ್ತೇನೆ" ಎಂದರು. ಡಾಕ್ಟರು ನನ್ನ ಮುಖ ನೋಡಿದರು. ಈ ಮನುಷ್ಯನಿಗೆ ತಲೆ ಕೆಟ್ಟಿದೆಯೇ ಎಂಬ ಪ್ರಶ್ನೆ ಅದರಲ್ಲಿತ್ತು.

ಒಂದು ಮಧ್ಯಾಹ್ನ ಅಕ್ಕನನ್ನು ನೋಡಿಕೊಳ್ಳಲು ದಿನಾ ಬಂದುಹೋಗುವ ನರ್ಸು ಸ್ನಾನಕ್ಕೆ ಕರೆದೊಯ್ದಾಗ ಮಾಸ್ಟ್ರು ಆ ಮಂಚದ ಮೇಲೆ ಅವರ ಹಾಗೆಯೇ ಎಡಮಗ್ಗುಲಾಗಿ ಮಲಗಿದರು. ಟಿ.ವಿ. ಹಾಕಲು ನನಗೆ ಹೇಳಿದರು. ಸ್ವಲ್ಪ ಹೊತ್ತು ಕೇಳಿ, ಕಣ್ಣು ಮುಚ್ಚಿ ಮತ್ತೆ ಕೇಳಿ, ತಟ್ಟನೆ ಎದ್ದು ಕೂತರು.

"ಇದರ ಸ್ವರ ಗೋಡೆಯ ಒಳಗಿಂದ ಬರ್ತದೆ ಟೀಚರ್. ಹುಡುಗಿ ಇಲ್ಲಿ, ಮಾತು ಅಲ್ಲಿ. ಇವಳಿಗೆ ಇದು ಮನುಷ್ಯರು ಮಾತಾಡಿದ ಹಾಗೆ ಕೇಳ್ತಾ ಇಲ್ಲ."

ನಿಜ. ಈಗಿನ ತೆಳ್ಳಗಿನ ಟಿ.ವಿ.ಗಳಲ್ಲಿ ಸ್ಪೀಕರು ಕೆಳಕ್ಕೆ ಅಥವಾ ಹಿಂದಕ್ಕೆ ಮುಖ ಮಾಡಿರುತ್ತದೆ. ನಾವೆಲ್ಲ ಅದಕ್ಕೆ ಎಂದೋ ಒಗ್ಗಿಹೋಗಿದ್ದೆವು.

ಕಾಲೇಜಿಗೆ ರಜೆ ಇತ್ತು. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಬಿ.ಸಿ.ರೋಡು, ಬೆಳ್ತಂಗಡಿ ಎಂದು ಅಂಗಡಿ ಅಂಗಡಿ ಸುತ್ತಿದೆ. ಎಲ್ಲ ಕಡೆ ಒಂದೇ ನಾಟಕ. ಮಾರುವವನು ಪರದೆಯ ಮೇಲೆ ಜಲಪಾತ, ಗಿಳಿ, ಹಣ್ಣು ತೋರಿಸುತ್ತಾನೆ. ಮಾಸ್ಟ್ರು, "ಅದು ಬೇಡ, ವಾರ್ತೆ ಹಾಕಿ" ಎಂದು ಬೆನ್ನು ಬಾಗಿಸಿ, ಮಂಚದ ಎತ್ತರಕ್ಕೆ ತಲೆ ತಂದು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಬೆಳ್ತಂಗಡಿಯ ಒಂದು ಅಂಗಡಿಯವನು ನನ್ನ ಹತ್ತಿರ ಮೆಲ್ಲಗೆ, "ಅವರು ಕಣ್ಣು ಮುಚ್ಚಿಕೊಂಡು ಎಂತ ನೋಡುವುದು ಮೇಡಂ?" ಎಂದ. ಮಾಸ್ಟ್ರಿಗೆ ಕೇಳಿತು. "ನಿನ್ನ ಟಿ.ವಿ. ಮಾತಾಡ್ತದಾ, ಗೊಣಗ್ತದಾ ಅಂತ ನೋಡ್ತಾ ಇದ್ದೇನೆ ಮಾರಾಯ" ಎಂದರು.

ಅವನು ಸೌಂಡ್‌ಬಾರ್ ಎಂಬ ಉದ್ದದ ಸ್ಪೀಕರು ಪೆಟ್ಟಿಗೆಯೊಂದನ್ನು ಕೊಟ್ಟು, ಮನೆಯಲ್ಲಿಟ್ಟು ನೋಡಿ ಎಂದ. ತಂದೆವು. ಸ್ವರವೇನೋ ಮುಂದಕ್ಕೆ ಬಂತು. ಆದರೆ ಹುಡುಗಿಯ ತುಟಿ ಅಲ್ಲಾಡಿದ ಮೇಲೆ ಒಂದು ಗಳಿಗೆ ಬಿಟ್ಟು ಮಾತು ಬರುತ್ತಿತ್ತು. ಅಕ್ಕ ಮೊದಲ ಬಾರಿಗೆ ಪರದೆಯನ್ನು ನೋಡಿದರು, ಹಣೆ ಗಂಟುಹಾಕಿ ನೋಡಿದರು, ಮತ್ತೆ ತಿರುಗಿದರು. ಮಾಸ್ಟ್ರು ಅದನ್ನು ಅಂಗಡಿಗೆ ವಾಪಸು ಕೊಟ್ಟು ಬಂದು ಕಾರಿನಲ್ಲಿ ಕೂತರು. ಪಾಣೆಮಂಗಳೂರಿನ ಸೇತುವೆ ಬಂದಾಗ, "ಎಲ್ಲರದ್ದೂ ತೆಗೆದೆ. ಇವಳ ಎದುರು ಇದ್ದದ್ದನ್ನು ತೆಗೀಲಿಕ್ಕೆ ನನಗೆ ಆಗ್ಲಿಲ್ಲ" ಎಂದು ನದಿಯ ಕಡೆ ಮುಖ ಮಾಡಿ ಹೇಳಿದರು.

ಕೊನೆಗೆ ಸಿಕ್ಕಿದ್ದು ಮೂಡುಬಿದಿರೆಯಲ್ಲಿ. ಅಂಗಡಿಯ ಮೂಲೆಯಲ್ಲಿ, ಯಾರಿಗೂ ಬೇಡವಾಗಿ ಷೋಕೇಸಿನಲ್ಲಿಯೇ ಉಳಿದಿದ್ದ ನಲವತ್ತು ಇಂಚಿನದ್ದು. ಹಳೆಯ ಮಾದರಿ, ದಪ್ಪ ಚೌಕಟ್ಟು, ಕೆಳಗೆ ಎದುರಿಗೇ ಕಾಣುವ ಜಾಲರಿ. "ಇದರಲ್ಲಿ ಇಂಟರ್ನೆಟ್ ಇಲ್ಲ ಸಾರ್" ಎಂದು ಅಂಗಡಿಯವರೇ ಹಿಂಜರಿದರು. ಮಾಸ್ಟ್ರು ಬಾಗಿ, ಕಣ್ಣು ಮುಚ್ಚಿ ಕೇಳಿದರು. ಹಾಗೆಯೇ ಇದ್ದರು. ಕಣ್ಣು ತೆರೆದಾಗ ಒದ್ದೆಯಾಗಿತ್ತು. "ಕಟ್ಟಿಸಿ" ಎಂದರು.

ಹೊಸ ಟಿ.ವಿ. ಬಂದ ಮೇಲೆ ಅಕ್ಕ ಮುಖ ತಿರುಗಿಸಲಿಲ್ಲ. ನಮಸ್ಕಾರ ಹೇಳಲೂ ಇಲ್ಲ. ಸುಮ್ಮನೆ ನೋಡುತ್ತಿದ್ದರು. ಆದರೆ ತುಟಿಯ ಎಡಗಡೆ ಏನೋ ಅಲ್ಲಾಡುತ್ತದೆ ಎಂದು ಮಾಸ್ಟ್ರು ಬಂದವರಿಗೆಲ್ಲ ಹೇಳುತ್ತಿದ್ದರು. ನಮಗೆ ಯಾರಿಗೂ ಕಂಡಿರಲಿಲ್ಲ.

ಆ ದಿನ ಭಾನುವಾರ. ಓಣಿಯವರೆಲ್ಲ ಮನೆಯಲ್ಲಿದ್ದರು, ಹಾಗಾಗಿ ಅವರಿಗೆ ಸುತ್ತುವ ಕೆಲಸ ಇರಲಿಲ್ಲ. ಸಂಜೆಯ ವಾರ್ತೆಯ ಹೊತ್ತಿಗೆ ನಾನು ಅಲ್ಲಿಗೆ ಹೋದೆ. ಚಪ್ಪಲಿ ಜೊತೆ ಬಾಗಿಲ ಹೊರಗಿತ್ತು. ಅನ್ನ ಉಣ್ಣಿಸುವಾಗ ಅವರು ಚಪ್ಪಲಿ ಹಾಕುವವರಲ್ಲ. ಮಂಚದ ಅಂಚಿನಲ್ಲಿ ಕೂತು, ಗಂಜಿಯನ್ನು ಕೈಯಲ್ಲೇ ಕಿವುಚಿ ನುಣ್ಣಗೆ ಮಾಡುತ್ತಿದ್ದರು. ಹುಡುಗಿ ಬಂದಳು, ನಮಸ್ಕಾರ ಎಂದಳು. ಅಕ್ಕನ ತುಟಿ ಅಲ್ಲಾಡಿತು. ಈ ಸಲ ನಾನೂ ಕಂಡೆ. ಸ್ವರ ಇಲ್ಲ, ಆದರೆ ಬಾಯಿ ತೆರೆಯಿತು. ಮಾಸ್ಟ್ರು ಚಮಚ ಇಟ್ಟರು. ಅಕ್ಕ ನುಂಗಿದರು. ಮತ್ತೆ ತೆರೆದರು.

ಗುಡ್ಡದ ಆಚೆ ಸದ್ದು ಕೇಳಿತು.

"ಮಾಸ್ಟ್ರೆ, ಗುಡುಗು" ಎಂದೆ.

"ದೂರ ಉಂಟು. ಇನ್ನೊಂದು ಚಮಚ."

ಇನ್ನೊಂದು ಸಲ ಕೇಳಿತು. ಅವರು ಅಲ್ಲಾಡಲಿಲ್ಲ. ವಾರಗಳ ನಂತರ ಅಕ್ಕ ಉಣ್ಣುತ್ತಿದ್ದರು, ಪರದೆಯಿಂದ ಕಣ್ಣು ತೆಗೆಯದೆ. ಪ್ಲಗ್ ತೆಗೆದರೆ ಬಾಯಿ ಮುಚ್ಚೀತು, ಮತ್ತೆ ಯಾವಾಗ ತೆರೆದೀತು ಎಂದು ಯಾರಿಗೆ ಗೊತ್ತು. ನನಗೂ ಹಾಗೆಯೇ ಅನಿಸಿತ್ತು. ಅದಕ್ಕೇ ಮತ್ತೆ ಹೇಳಲಿಲ್ಲ. ಹೊರಗೆ ಬಿಸಿಲು ನಂದಿತು. ಆಮೇಲಿನ ಮಿಂಚಿಗೆ ಚಾವಡಿಯೆಲ್ಲ ಬಿಳಿಯಾಗಿ, ಜತೆಗೇ ಸಿಡಿಲು ಕೇಳಿತು. ನಾನು ಎದ್ದು ಸ್ವಿಚ್ಚಿನ ಕಡೆಗೆ ಎರಡು ಹೆಜ್ಜೆ ಇಟ್ಟೆ.

"ಈಗ ಮುಟ್ಟಬೇಡಿ ಟೀಚರ್" ಎಂದರು ಮಾಸ್ಟ್ರು, ಸ್ವರ ಏರಿಸದೆ. "ತಲೆ ಮೇಲೆ ಬಂತು. ಸುಟ್ಟರೆ ಸುಡಲಿ."

ನಾನು ನಿಂತೆ. ನಾನು ಇವತ್ತು ಇದನ್ನು ಬರೆಯುತ್ತಿರುವುದು ಆ ಮಾತಿನಿಂದ.

ಆಗ ಮಂಚದಿಂದ ಸ್ವರ ಬಂತು. ಒಡೆದ, ಒಣಗಿದ ಸ್ವರ, ಆದರೆ ಹಳೆಯ ಅದೇ ಧಾಟಿ. "ಪ್ಲಗ್ ದೆಪ್ಪುಲೆ."

ಮಾಸ್ಟ್ರು ಅಕ್ಕನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಮುಖವನ್ನು ಹೇಗೆ ಹೇಳಲಿ. ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಅದಕ್ಕೆ ಮುಂಚೆ ನೋಡಿಲ್ಲ.

"ಕೇಳಿತಾ?" ಎಂದರು. "ಕೇಳಿತಾ ಟೀಚರ್?"

ಬಟ್ಟಲನ್ನು ನೆಲದ ಮೇಲಿಟ್ಟು, ಇಷ್ಟು ವರ್ಷ ಆ ಮಾತು ಕೇಳಿದಾಗಲೆಲ್ಲ ಎದ್ದ ಹಾಗೆಯೇ ಎದ್ದರು. ಬರಿಗಾಲು. ಕೈಯಲ್ಲಿ ಗಂಜಿಯ ಒದ್ದೆ. ಮಾಸ್ಟ್ರೆ ಎಂದು ನಾನು ಕೂಗಿದೆನೋ ಇಲ್ಲವೋ ಈಗಲೂ ಗೊತ್ತಾಗುತ್ತಿಲ್ಲ. ಪ್ರತಿ ದಿನ ನೆನಪಿನಲ್ಲಿ ನಾನು ಕೂಗುತ್ತೇನೆ, ತೋಳು ಹಿಡಿದು ಎಳೆಯುತ್ತೇನೆ, ಬಾಗಿಲಲ್ಲಿದ್ದ ಚಪ್ಪಲಿಯನ್ನು ಅವರ ಕಾಲ ಬುಡಕ್ಕೆ ಎಸೆಯುತ್ತೇನೆ. ಆ ಹೊತ್ತಿಗೆ ಏನು ಮಾಡಿದೆ ಎಂದು ಕೇಳಿದರೆ, ನಿಂತಿದ್ದೆ. ಅವರ ಬೆನ್ನು ನೆನಪಿದೆ, ಚಾಚಿದ ಕೈ ನೆನಪಿದೆ. ಆಮೇಲೆ ಬೆಳಕು.

ಕಿವಿಯಲ್ಲಿ ಬರೀ ಸಿಳ್ಳೆ. ಮಾಸ್ಟ್ರು ಗೋಡೆಯ ಬುಡದಲ್ಲಿ ಬಿದ್ದಿದ್ದರು. ಎದೆ ಒತ್ತಬೇಕೆಂದು ಗೊತ್ತಿತ್ತು, ಒತ್ತಿದೆ. ಹಾಜಿಯವರು ಓಡಿ ಬಂದರು, ಅವರೂ ಒತ್ತಿದರು. ಹೊತ್ತು ಕಾರಿಗೆ ಹಾಕುವಾಗ ನಾನು ಒಮ್ಮೆ ಹಿಂದಿರುಗಿ ನೋಡಿದೆ. ಪ್ಲಗ್ ಹೊರಗೆ ಬಂದು ನೆಲದಲ್ಲಿ ಬಿದ್ದಿತ್ತು. ಪರದೆ ಕಪ್ಪಾಗಿತ್ತು. ಅಕ್ಕ ಅದನ್ನೇ ನೋಡುತ್ತಾ, ಮುಂದಿನ ಚಮಚಕ್ಕಾಗಿ ಬಾಯಿ ತೆರೆದುಕೊಂಡು ಕಾಯುತ್ತಿದ್ದರು.

ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊರಗಿನ ಬೆಂಚಿನಲ್ಲಿ ಹಾಜಿಯವರು ಒಂದೇ ಮಾತು ಹೇಳುತ್ತಿದ್ದರು: "ಚಪ್ಪಲಿ ಬಾಗಿಲಲ್ಲೇ ಇತ್ತು ಟೀಚರ್. ನಾನು ಕೊಟ್ಟ ಚಪ್ಪಲಿ ಬಾಗಿಲಲ್ಲೇ ಇತ್ತು."

ಟಿ.ವಿ. ಸುಟ್ಟಿರಲಿಲ್ಲ. ಆ ದಿನ ಪ್ಲಗ್ ಸರಿಯಾದ ಹೊತ್ತಿಗೆ ಹೊರಗೆ ಬಂದಿತ್ತು. ಈಗ ಅಕ್ಕನ ತಂಗಿ ಬೆಳ್ತಂಗಡಿಯಿಂದ ಬಂದು ಅವರ ಜೊತೆಗಿದ್ದಾರೆ. ವಾರ್ತೆಯ ಹೊತ್ತಿಗೆ ಟಿ.ವಿ. ಹಾಕುತ್ತಾರೆ. ಹುಡುಗಿ ನಮಸ್ಕಾರ ಎನ್ನುತ್ತಾಳೆ, ಅಕ್ಕನೂ ನಮಸ್ಕಾರ ಎಂದು ಬಾಯಿ ತೆರೆಯುತ್ತಾರೆ. ಸ್ವಲ್ಪ ಮೈ ಬಂದಿದೆ. ನಳಿಗೆಯ ಮಾತನ್ನು ಡಾಕ್ಟರು ಈಗ ಎತ್ತುವುದಿಲ್ಲ. ಮಾಸ್ಟ್ರು ಆರಿಸಿದ ಟಿ.ವಿ. ಸರಿಯಾದದ್ದೇ ಆಗಿತ್ತು.

ನಿನ್ನೆ ಮಧ್ಯಾಹ್ನ ನಾನು ಅಲ್ಲಿದ್ದಾಗ ಮೋಡ ಕವಿಯಿತು. ತಂಗಿ ಎದ್ದು, ಗುಡುಗು ಕೇಳುವ ಮೊದಲೇ ಪ್ಲಗ್, ವಯರ್ ಎಲ್ಲ ತೆಗೆದಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಗುಡ್ಡದ ಆಚೆಯಿಂದ ಸದ್ದು ಬಂತು. ಅಕ್ಕ ತಲೆ ಎತ್ತಿ, ಮಂಚದ ಅಂಚಿನಲ್ಲಿ ಮಾಸ್ಟ್ರು ಕೂರುತ್ತಿದ್ದ ಜಾಗವನ್ನು ನೋಡಿ ಅದೇ ಮಾತು ಹೇಳಿದರು. ಯಾರೂ ಏಳದಿದ್ದಾಗ ಮತ್ತೊಮ್ಮೆ ಹೇಳಿದರು.

ಎದ್ದು ಹೋಗಿ ಆ ಅಂಚಿನಲ್ಲಿ ಕೂತೆ.

"ಕೇಳಿತು ಅಕ್ಕ" ಎಂದೆ. "ಕೇಳಿತು."